ಮೂರು ಅನ್ನುವ ಮೊದಲು

ನಾವಿದ್ದ ಮನೆಗೆ ಮೂರನೇ ನಂಬರು ಸಿಗಬೇಕಿತ್ತು, ಸಿಗಲಿಲ್ಲ. ಬೈಯಪ್ಪನಹಳ್ಳಿಯಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಿಂತಿದ್ದ ಆ ವಠಾರದಲ್ಲಿ ಸಾಲಾಗಿ ಆರು ಮನೆಗಳು. ಮನೆ ಎಂದರೆ ಮುಂದೊಂದು ಕೋಣೆ, ಹಿಂದೆ ಒಲೆ ಇಟ್ಟು ಕೂರುವಷ್ಟು ಜಾಗ, ತಲೆಯ ಮೇಲೆ ಶೀಟು. ಬಾಗಿಲುಗಳ ಮೇಲೆ ನೀಲಿ ಬಣ್ಣದಲ್ಲಿ ಒಂದು, ಎರಡು, ಎರಡು-ಎ, ನಾಲ್ಕು, ಐದು, ಆರು ಎಂದು ಬರೆದಿತ್ತು. ಎರಡು-ಎ ನಮ್ಮದು. ಹಾಗೆ ಬರೆಸಿದವರು ಒಂದನೇ ನಂಬರಿನಲ್ಲೇ ಇದ್ದ ವಠಾರದ ಒಡತಿ, ಹಲಸೂರಿನ ತಮಿಳರು. ನಾವೆಲ್ಲ ಓನರಮ್ಮ ಎನ್ನುತ್ತಿದ್ದೆವು. ನಮಗಿಂತ ಮುಂಚೆ ಆ ಮನೆಯಲ್ಲಿದ್ದ ಎರಡು ಸಂಸಾರಗಳೂ ಹೊಡೆದಾಡಿಕೊಂಡು ಬಿಟ್ಟುಹೋಗಿದ್ದವಂತೆ. ದೋಷ ನಂಬರಿನದು ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಅವರು ಪೇಂಟರನ್ನು ಕರೆಸಿ ಮೂರನ್ನೇ ಅಳಿಸಿಹಾಕಿದ್ದರು. ನಾವು ಸಾಮಾನು ಇಳಿಸಿದ ದಿನ ಬಾಗಿಲಲ್ಲಿ ನಿಂತು ಅವ್ವನಿಗೆ ಧೈರ್ಯ ಹೇಳಿದರು.

"ಮೂರು ಬೇಡಮ್ಮಾ, ಆ ಮನೆಗೆ ಮೂರು ಆಗ್ಬರಲ್ಲ. ಪೋಸ್ಟ್‌ಮ್ಯಾನ್ ಬಂದ್ರೆ ಎರಡು-ಎ ಅಂತ ಹೇಳಿ. ಇನ್ಮೇಲೆ ಜಗಳ ಗಿಗಳ ಏನೂ ಆಗಲ್ಲ, ನೋಡ್ತಾ ಇರಿ."

ಆ ನಂಬಿಕೆ ಆಕೆಗೆ ಒಂದು ವಾರವೂ ಉಳಿಯಲಿಲ್ಲ, ಪಾಪ.

ಆ ಒಂದೂವರೆ ಕೋಣೆಯಲ್ಲಿ ನಾವು ಆರು ಜನ. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ದೊಡ್ಡಕ್ಕ, ಸಣ್ಣಕ್ಕ, ನಾನು. ರಾಯಚೂರು ಕಡೆಯಿಂದ ಬರುವಾಗ ತಂದದ್ದು ಒಂದು ಟ್ರಂಕು, ರೊಟ್ಟಿಯ ಹಂಚು, ದೇವರನ್ನಿಡುವ ಹಲಗೆ, ಜೋಳ ಅಳೆಯುವ ಹಿತ್ತಾಳೆಯ ಸೇರು. ಆಯಿ ಮಾತ್ರ ಕಣ್ಣಿಗೆ ಕಾಣದ ಇನ್ನೊಂದು ಗಂಟನ್ನೂ ಹೊತ್ತು ತಂದಿದ್ದಳು. ಯಾವ ಅಂಕಿ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಲೆಕ್ಕ ಅದು. ಜೋಳ ಅಳೆಯುವಾಗ ಮೊದಲ ಸೇರಿಗೆ ಅವಳು ಒಂದು ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದಳು. ಎಣಿಕೆ ಎರಡರಿಂದ ಮುಂದೆ. ಒಂದು ಎಂದರೆ ಧಾನ್ಯ ಒಂದಕ್ಕೇ ನಿಂತುಬಿಡುತ್ತದಂತೆ. ಹೆಣ್ಣುಮಕ್ಕಳ ಉಡಿ ತುಂಬಲು ಐದು ಹಿಡಿ ಅಕ್ಕಿ, ಸತ್ತವರಿಗೆ ಮೂರು ಹಿಡಿ ಮಣ್ಣು. ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ಮೂರು ಸುತ್ತು. ನಾವು ಏನಾದರೂ ಕೇಳಬಾರದ್ದು ಕೇಳಿದರೆ ನಾಲ್ಕು ಮಂದಿ ಏನಂದಾರು ಎನ್ನುತ್ತಿದ್ದಳು. ಆ ನಾಲ್ಕು ಮಂದಿ ಯಾರು ಎಂದು ನಾನು ಬಹಳ ದಿನ ವಠಾರದಲ್ಲಿ ಹುಡುಕಿದ್ದೇನೆ. ಊಟಕ್ಕೆ ಕೂತವರ ತಾಟಿಗೆ ಮೂರು ರೊಟ್ಟಿ ಬೀಳುವಂತೆಯೇ ಇರಲಿಲ್ಲ. ಹಸಿವು ಮೂರು ರೊಟ್ಟಿಯದೇ ಆಗಿದ್ದರೆ ಮೂರನೆಯದರ ಜೊತೆ ನಾಲ್ಕನೆಯದರ ಒಂದು ಚೂರನ್ನು ಹರಿದು ಹಾಕುತ್ತಿದ್ದಳು. ಇದು ಮೂರಲ್ಲ ಎಂದು ದೇವರಿಗೆ ತೋರಿಸಲು.

"ಮೂರು ಯಾಕ ಬ್ಯಾಡ ಆಯಿ?"

"ಒಂದು ದೇವರದ್ದು. ಎರಡು ಗಂಡ ಹೆಂಡತೀದು. ಮೂರು ಬಂತಂದ್ರ ಜಗಳ ಬಂತು."

"ಮತ್ತ ನಾ ಮೂರನೇಯಾಕಿ ಅಲ್ಲೇನು?"

ಆಯಿ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ನೀನೂ ಬಂದಿ ನೋಡವ್ವ."

ನಾನು ಮೂರನೇ ಹೆಣ್ಣು. ಹೆಣ್ಣು ಸಾಕು ಎಂದು ದೇವರಿಗೆ ತಿಳಿಯಲಿ ಅಂತ ನನಗೆ ಸಾಕವ್ವ ಎಂದು ಹೆಸರಿಟ್ಟರು. ಶಾಲೆಯಲ್ಲಿ ನಗುವವರು ನಕ್ಕರು, ನಾನೂ ಅವರ ಜೊತೆ ನಕ್ಕೆ. ನನ್ನ ಹೆಸರಿನ ಬಗ್ಗೆ ನನಗೆ ಅಂಥ ಕೋಪವಿಲ್ಲ. ಕೋಪವಿರುವುದು ಆ ಅಂಕಿಯ ಮೇಲೆ. ಈ ಮೂರಕ್ಕೆ ಅಷ್ಟು ದರ್ಬಾರು ಕೊಟ್ಟವರು ಯಾರು ಎಂದು ಈ ವಯಸ್ಸಿನಲ್ಲೂ ಕೇಳಿಕೊಳ್ಳುತ್ತೇನೆ. ಒಂದು ಸಲ ಆದದ್ದನ್ನು ಜನ ಮರೆಯುತ್ತಾರೆ. ಎರಡನೇ ಸಲ ಆದರೆ ಹುಬ್ಬು ಏರಿಸುತ್ತಾರೆ. ಮೂರನೇ ಸಲ ಆಯಿತೋ, ಅದಕ್ಕೆ ಹಣೆಬರಹ ಎಂದು ಹೆಸರಿಟ್ಟು ಕೈ ತೊಳೆದುಕೊಳ್ಳುತ್ತಾರೆ. ಗುಡಿಯಲ್ಲಿ ತೆಂಗಿನಕಾಯಿ ಹರಾಜು ಹಾಕುವವನು ಒಂದು ಸಾರಿ, ಎರಡು ಸಾರಿ ಎನ್ನುವವರೆಗೂ ಆಸೆ ಇರುತ್ತದೆ. ಮೂರು ಸಾರಿ ಎಂದ ಮೇಲೆ ಕಾಯಿ ಇನ್ನೊಬ್ಬರದು. ಓಟದ ಪಂದ್ಯದಲ್ಲಿ ಎರಡಕ್ಕೆ ಯಾರೂ ಓಡುವುದಿಲ್ಲ, ನಾಲ್ಕರವರೆಗೆ ಯಾರೂ ಕಾಯುವುದಿಲ್ಲ. ತಾಳಿಗೂ ಮೂರು ಗಂಟು. ನಮ್ಮ ಮನೆಯಲ್ಲಿ ಅಪ್ಪನ ಕೈ ಬೀಳುತ್ತಿದ್ದದ್ದೂ ಮೂರಕ್ಕೇ.

ಅಪ್ಪ ದೊಡ್ಡನೆಕ್ಕುಂದಿಯ ಒಂದು ಸಣ್ಣ ಶೆಡ್ಡಿನಲ್ಲಿ ಪ್ರೆಸ್ ಮಿಷನ್ ನಡೆಸುತ್ತಿದ್ದ. ಕಬ್ಬಿಣದ ತಗಡನ್ನು ಅಚ್ಚಿನ ಕೆಳಗೆ ಇಡುವುದು, ಕೈ ತೆಗೆಯುವುದು, ಕಾಲಿನಿಂದ ಪೆಡಲ್ ಒತ್ತುವುದು. ಮೇಲಿನಿಂದ ಭಾರ ಇಳಿದು ತಗಡು ಬಿಲ್ಲೆಯಾಗುತ್ತದೆ. ದಿನಕ್ಕೆ ಸಾವಿರಾರು ಸಲ ಇದೇ. ಮನಸ್ಸು ಬೇರೆ ಕಡೆ ಹೋದರೆ ಬೆರಳು ಹೋಗುತ್ತದೆ. ಹಾಗಾಗಿ ಅಪ್ಪ ಬಾಯಿಬಿಟ್ಟು ಎಣಿಸುತ್ತಿದ್ದ. ಅದರ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ. ಖುಷಿಯಲ್ಲಿದ್ದ ದಿನ ನಮ್ಮ ಮೂವರನ್ನೂ ಎದುರು ಕೂರಿಸಿಕೊಂಡು ಊಟದ ತಾಟನ್ನೇ ಮಿಷನ್ ಮಾಡಿ ತೋರಿಸುತ್ತಿದ್ದ.

"ಒಂದ, ತಗಡು ಒಳಗ. ಎರಡ, ಕೈ ಹೊರಗ. ಮೂರ, ಕಾಲು ಪೆಡಲ್ ಮ್ಯಾಲ. ಲೆಕ್ಕ ತಪ್ಪಿತೋ, ಕೈ ಹೋತು. ನಮ್ಮ ಶೆಡ್ಡಿನ್ಯಾಗ ಹತ್ತೂ ಬೆರಳು ಇರೋನು ನಾ ಒಬ್ಬನೇ, ತಿಳೀತೇನು?"

ತಿಳಿದಿತ್ತು. ನನಗೆ ಚೆನ್ನಾಗಿಯೇ ತಿಳಿದಿತ್ತು, ಇದನ್ನು ಇಲ್ಲೇ ಹೇಳಿಬಿಡುತ್ತೇನೆ.

ಅದೇ ಎಣಿಕೆಯನ್ನು ಅಪ್ಪ ಮನೆಗೂ ತಂದ. ಅವ್ವ ಎದುರು ಮಾತಾಡಿದರೆ, ಸಾರು ತಣ್ಣಗಾಗಿದ್ದರೆ, ಅವ್ವ ನಲ್ಲಿಯ ಹತ್ತಿರ ಅರ್ಧ ಗಂಟೆ ಹೆಚ್ಚು ನಿಂತರೆ ಎಣಿಕೆ ಶುರುವಾಗುತ್ತಿತ್ತು. ಒಂದು ಎನ್ನುವಾಗ ಕೈಗಡಿಯಾರ ಬಿಚ್ಚಿ ದೇವರ ಹಲಗೆಯ ಮೇಲೆ ಇಡುವನು. ಎರಡು ಎನ್ನುವಾಗ ಬಾಗಿಲ ಚಿಲಕ. ಮೂರು ಎಂದ ಮೇಲೆ ಅವ್ವನ ಜುಟ್ಟು ಅವನ ಎಡಗೈಯಲ್ಲಿ, ಬಲಗೈ ಎಲ್ಲೆಂದರಲ್ಲಿ. ಗೋಡೆಯ ಸುಣ್ಣ ಅವ್ವನ ತಲೆಯ ಎತ್ತರದಲ್ಲಿ ಒಂದು ಕಡೆ ಉದುರಿಹೋಗಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಅಲ್ಲೇ ಉದುರುತ್ತಿತ್ತು. ಹೊಡೆದು ಮುಗಿಸಿ ಗಡಿಯಾರ ಕಟ್ಟಿಕೊಳ್ಳುತ್ತ ಅಪ್ಪ ತನ್ನ ನ್ಯಾಯವನ್ನು ತಾನೇ ಹೊಗಳಿಕೊಳ್ಳುತ್ತಿದ್ದ.

"ನಾ ಹುಚ್ಚನಂಗ ಹೊಡಿಯೋನಲ್ಲ. ಎರಡು ಸಲ ಟೈಮ್ ಕೊಡ್ತೀನಿ. ಯಾವ ಗಂಡಸು ಕೊಡ್ತಾನ ಹೇಳು?"

ಆ ಎಣಿಕೆಯನ್ನು ಮುರಿಯುವ ದಾರಿ ಕಂಡುಹಿಡಿದವಳು ಸಣ್ಣಕ್ಕ. ಒಂದು ಸಂಜೆ ಅಪ್ಪ ಎರಡು ಎಂದು ಚಿಲಕಕ್ಕೆ ಕೈ ಹಾಕಿದಾಗ ಹೆದರಿಕೆಗೆ ಅವಳ ಕೈಯ ಸ್ಟೀಲ್ ತಾಟು ಜಾರಿ ಬಿತ್ತು. ಅಪ್ಪ ಬೆಚ್ಚಿಬಿದ್ದ, ಅವಳನ್ನು ಬೈದ, ಮತ್ತೆ ಅವ್ವನ ಕಡೆ ತಿರುಗಿ ಒಂದು ಎಂದ. ಮೂರು ಎನ್ನಲಿಲ್ಲ! ಮಧ್ಯೆ ತಪ್ಪಿದ ಎಣಿಕೆಯನ್ನು ಅವನ ಮೈ ಮುಂದುವರಿಸಲು ಒಪ್ಪುತ್ತಿರಲಿಲ್ಲ, ಮಿಷನ್ನಿನ ಮುಂದೆ ಹಾಗೆ ಪಳಗಿಬಿಟ್ಟಿತ್ತು. ಅಲ್ಲಿಂದ ನಾವು ಮೂವರೂ ಪಾಳಿ ಹಾಕಿಕೊಂಡೆವು. ದೊಡ್ಡಕ್ಕನದು ಚೊಂಬು, ಸಣ್ಣಕ್ಕನದು ತಾಟು, ನನ್ನದು ಪಾತ್ರೆಯ ಮುಚ್ಚಳ. ಎರಡು ಎಂದ ಕೂಡಲೇ ಏನಾದರೊಂದು ನೆಲಕ್ಕೆ ಬೀಳಬೇಕು. ಎರಡು ಮೂರು ಸಲ ಒಂದರಿಂದ ಶುರುಮಾಡುವಷ್ಟರಲ್ಲಿ ಅಪ್ಪನ ಸಿಟ್ಟಿನ ಕಾವು ಆರುತ್ತಿತ್ತು, ಬೀಡಿ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದ. ನಮ್ಮ ಮನೆಯ ಒಂದು ತಾಟೂ ನೆಟ್ಟಗೆ ಕೂರುತ್ತಿರಲಿಲ್ಲ, ಎಲ್ಲಕ್ಕೂ ಸೊಟ್ಟು.

"ಏನಮ್ಮಾ, ನಿಮ್ಮನೇಲಿ ದಿನಾ ಪಾತ್ರೆ ಬೀಳುತ್ತೆ?" ಎಂದು ಓನರಮ್ಮ ಕೇಳಿದರು.

"ಹುಡುಗ್ಯಾರ ಕೈ ಜಾರ್ತಾವ್ರಿ," ಎಂದಳು ಅವ್ವ. ನಮ್ಮ ಕಡೆ ನೋಡಲಿಲ್ಲ. ಆದರೆ ಅಂದು ನಮ್ಮ ಮೂವರ ತಲೆಗೂ ಎಣ್ಣೆ ಹಚ್ಚಿದಳು, ವಾರ ತಿಥಿ ನೋಡದೆ.

ಇದು ಬಹಳ ಕಾಲ ನಡೆಯಲಿಲ್ಲ. ಒಂದು ದಿನ ಅಪ್ಪ ನನ್ನ ಕೈಯ ಮುಚ್ಚಳ ಬೀಳುವುದನ್ನಲ್ಲ, ಬೀಳುವ ಮೊದಲು ನನ್ನ ಬೆರಳು ಸಡಿಲವಾಗುವುದನ್ನು ನೋಡಿಬಿಟ್ಟ. ಆಗ ನನಗೆ ಹತ್ತು ವರ್ಷ. ನನ್ನನ್ನು ಹೊಡೆಯಲಿಲ್ಲ. ಬಾಗಿ, ಮುಚ್ಚಳ ಎತ್ತಿ ನನ್ನ ಕೈಗೇ ಕೊಟ್ಟು ಹೇಳಿದ.

"ಇನ್ನ ಮ್ಯಾಲ ಏನರೆ ಬಿತ್ತಂದ್ರ, ಕೆಡವಿದಾಕಿಗೆ ಮೊದಲು. ನಿಮ್ಮವ್ವಗ ಆಮ್ಯಾಲ."

ಅದಾದ ಮೇಲಿನ ಮೊದಲ ಭಾನುವಾರದ ಬೆಳಿಗ್ಗೆ. ನಾಲ್ಕನೇ ಮನೆಯವರಿಗೆ ಗಂಡು ಹುಟ್ಟಿ, ತೊಟ್ಟಿಲ ಶಾಸ್ತ್ರದ ಗುಗ್ಗರಿ ಎಲ್ಲರ ಮನೆಗೂ ಬಂದಿತ್ತು. ಅಪ್ಪನಿಗೆ ಅಂದು ಓವರ್‌ಟೈಮ್ ಕೆಲಸ, ಹೊರಡುವ ಗಡಿಬಿಡಿ. ಗುಗ್ಗರಿ ಬಾಯಿಗೆ ಹಾಕಿಕೊಳ್ಳುತ್ತ ನಮಗೂ ಹಿಂಗ ಹಂಚೋ ಕಾಲ ಯಾವಾಗ ಬರ್ತದೋ ಎಂದ. ಹತ್ತು ವರ್ಷ ಈ ಮಾತನ್ನು ನುಂಗಿಕೊಂಡು ಬಂದಿದ್ದ ಅವ್ವನಿಗೆ ಅಂದು ಏನಾಯಿತೋ, ಒಲೆಯ ಮುಂದಿನಿಂದ ಏಳದೆ ಹೇಳಿಬಿಟ್ಟಳು.

"ಬರೂದಿಲ್ಲ. ಸಾಕವ್ವ ಹುಟ್ಟಿದಾಗ ದವಾಖಾನ್ಯಾಗ ಆಪರೇಷನ್ ಮಾಡಿಸಿಕೊಂಡೀನಿ. ಮೂರು ಸಾಕು ಅನಿಸ್ತು ನನಗ. ಆಗ ಸಾಯೂದೊಂದು ಬಾಕಿ ಇತ್ತು."

ಅಪ್ಪ ಗುಗ್ಗರಿಯ ಬಟ್ಟಲನ್ನು ಕೆಳಗಿಟ್ಟ. ಗಡಿಯಾರ ಬಿಚ್ಚಿದ.

"ಒಂದ."

ದೊಡ್ಡಕ್ಕ ಮೂಲೆಗೆ ಸರಿದಳು. ಸಣ್ಣಕ್ಕ ಖಾಲಿ ಕೈಯನ್ನು ಹಿಂದೆ ಕಟ್ಟಿಕೊಂಡಳು. ನಾನು ತೊಳೆದ ತಾಟನ್ನು ಒರೆಸುತ್ತ ನಿಂತಿದ್ದೆ.

"ಎರಡ."

ಚಿಲಕ ಬಿತ್ತು. ಅವ್ವ ನನ್ನ ಕೈಯ ತಾಟನ್ನು ನೋಡಿದಳು. ಬಿಡು ಎಂದು ನೋಡಿದಳೋ, ಬಿಡಬೇಡ ಎಂದು ನೋಡಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ತಾಟನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದುಕೊಂಡೆ. ನನಗೆ ನನ್ನ ಜೀವದ ಆಸೆ. ಅಪ್ಪ ಮೂರು ಎಂದ. ಅಂಥ ಹೊಡೆತವನ್ನು ಅದಕ್ಕೆ ಮುಂಚೆ ನಾವು ಕಂಡಿರಲಿಲ್ಲ. ಮೊದಲ ಪೆಟ್ಟಿಗೆ ಅವ್ವನ ಹುಬ್ಬು ಒಡೆಯಿತು. ಬಳೆಗಳು ಮುಂಗೈಯಲ್ಲೇ ಪುಡಿಯಾಗಿ ಚರ್ಮಕ್ಕೆ ಸೇರಿದವು. ಬಿದ್ದವಳ ಹೊಟ್ಟೆಗೆ, ಆಪರೇಷನ್ ಆದ ಜಾಗ ಗುರುತು ಹಿಡಿದವನ ಹಾಗೆ, ಕಾಲಿನಿಂದ ಒದ್ದ. ಗುಗ್ಗರಿಯ ಮೇಲೆ ರಕ್ತ ಬಿತ್ತು. ಆಯಿ ಗೋಡೆಗೆ ಮುಖ ಮಾಡಿ ಕೂತು ಕಿವಿ ಮುಚ್ಚಿಕೊಂಡಿದ್ದಳು. ಆಚೆ ಓನರಮ್ಮ ಬಾಗಿಲು ತಟ್ಟಿದರು, ತೆಗೆಯುವವರು ಯಾರೂ ಇರಲಿಲ್ಲ. ಇಷ್ಟಾಗಿ ಅಪ್ಪ ಗಡಿಯಾರ ಕಟ್ಟಿಕೊಂಡು, ಊಟದ ಡಬ್ಬಿಯನ್ನೂ ಬಿಟ್ಟು, ಬಸ್ಸಿಗೆ ಹೋದ.

ಅವ್ವ ಮುಖ ತೊಳೆದಳು. ಹುಬ್ಬಿಗೆ ಅರಿಸಿನ ಮೆತ್ತಿಕೊಂಡಳು. ಆಮೇಲೆ ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ, ಮೂರು ಹಂತದ ಟಿಫಿನ್ ಕ್ಯಾರಿಯರಿಗೆ ರೊಟ್ಟಿ, ಪಲ್ಯ, ಅನ್ನ ತುಂಬಿದಳು. ಮೂರು ರೊಟ್ಟಿ ಮತ್ತು ನಾಲ್ಕನೆಯದರ ಒಂದು ಚೂರು.

"ಉಪಾಸ ಮಿಷನ್ ಮುಂದ ನಿಂತ್ರ ಕಣ್ಣಿಗೆ ಕತ್ತಲಿ ಬರ್ತದ. ಇಬ್ರೂ ಹೋಗಿ ಕೊಟ್ಟು ಬರ್ರಿ," ಎಂದು ಸಣ್ಣಕ್ಕನನ್ನೂ ನನ್ನನ್ನೂ ಬಸ್ಸು ಹತ್ತಿಸಿದಳು.

ಶೆಡ್ಡಿನ ಗೇಟಿನಲ್ಲಿ ಭಾನುವಾರವೆಂದು ಯಾರೂ ಇರಲಿಲ್ಲ. ಸಣ್ಣಕ್ಕ ಗೇಟಿನಿಂದ ಒಳಗೆ ಕಾಲಿಡಲಿಲ್ಲ. ಶಾಲೆಗೆ ಸೇರಿದ ಮೇಲೆ ನಾವಿಬ್ಬರೂ ಹೊರಗೆ ಬೆಂಗಳೂರಿನ ಮಾತನ್ನೇ ಆಡುತ್ತಿದ್ದೆವು.

"ನಾನ್ ಬರಲ್ಲ ಕಣೇ, ಆ ಮುಖ ನೋಡಕ್ಕಾಗಲ್ಲ ನಂಗೆ. ನೀನೇ ಇಟ್ಟು ಬಂದ್ಬಿಡು."

ಒಳಗೆ ಎಣ್ಣೆ, ಕಬ್ಬಿಣದ ವಾಸನೆ. ಉಳಿದ ಮಿಷನ್ನುಗಳು ಬಂದಾಗಿದ್ದವು, ಕೊನೆಯ ಒಂದರ ಮುಂದೆ ಅಪ್ಪನ ಬೆನ್ನು. ನಾನು ಹತ್ತಿರ ಹೋದೆ. ಇನ್ನು ನಾಲ್ಕು ಹೆಜ್ಜೆ ಇದೆ ಎನ್ನುವಾಗ ಅವನ ದನಿ ಕೇಳಿಸಿತು. ಬೆಳಿಗ್ಗೆ ಅವ್ವನ ಮುಂದೆ ನಿಂತಿದ್ದಾಗಿನ ಅದೇ ದನಿ, ಅದೇ ನಿಧಾನ. ಒಂದ. ಎರಡ. ಮೂರ. ಭಾರ ಇಳಿಯಿತು, ನೆಲ ನಡುಗಿತು. ಮತ್ತೆ ಒಂದ, ಎರಡ, ಮೂರ. ನಾನು ಎಷ್ಟು ಹೊತ್ತು ನಿಂತು ಕೇಳಿದೆನೋ. ನನ್ನ ಕಣ್ಣ ಮುಂದೆ ಎದೆಗೆ ಒತ್ತಿಕೊಂಡ ತಾಟು, ಅವ್ವನ ನೋಟ. ಅಪ್ಪ ಮತ್ತೆ ಒಂದ ಎಂದ. ಎರಡ ಎಂದ. ನನ್ನ ಕೈಯ ಕ್ಯಾರಿಯರ್ ಸಿಮೆಂಟಿನ ನೆಲಕ್ಕೆ ಬಿತ್ತು.

ಎರಡಕ್ಕೆ ಕೈ ಹೊರಗೆ ಬರಬೇಕಿತ್ತು. ಅಪ್ಪನ ತಲೆ ನನ್ನ ಕಡೆ ತಿರುಗಿತು, ಕೈ ಇದ್ದಲ್ಲೇ ನಿಂತಿತು, ಕಾಲು ಮಾತ್ರ ತನ್ನ ಲೆಕ್ಕ ಮರೆಯಲಿಲ್ಲ. ಅವನು ಕಿರುಚಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಬಹಳ ಮೆಲ್ಲಗೆ, ಮೂರ ಎಂದ. ಆಮೇಲೆ ಬಲಗೈಯನ್ನು ಎತ್ತಿ ಹಿಡಿದ. ತೋರುಬೆರಳು, ನಡುಬೆರಳು ಇದ್ದ ಜಾಗದಿಂದ ರಕ್ತ ಮೊಣಕೈಗೆ ಇಳಿದು, ಅವನ ಕಾಲ ಬಳಿಗೆ ಚೆಲ್ಲಿದ್ದ ಅನ್ನದ ಮೇಲೆ ಸುರಿಯಿತು. ಒಳಗಿನ ಕೋಣೆಯಿಂದ ಸೂಪರ್‌ವೈಸರ್ ಓಡಿಬಂದ. ಏನಾಯ್ತು, ಏನಾಯ್ತು ಎಂದು ಅಪ್ಪನ ಭುಜ ಹಿಡಿದು ಅಲುಗಿಸಿದ.

"ಕೈ ಜಾರಿತ್ರಿ ಸರ," ಎಂದ ಅಪ್ಪ.

ಆಸ್ಪತ್ರೆಯಿಂದ ಬಂದಾಗ ಬಲಗೈಯಲ್ಲಿ ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು ಉಳಿದಿದ್ದವು. ಡಬ್ಬಿಯ ವಿಷಯ ಮನೆಯಲ್ಲಿ ಯಾರಿಗೂ ಹೇಳಲಿಲ್ಲ, ಅವನೂ, ನಾನೂ. ಅವ್ವ ಕ್ಯಾರಿಯರಿನ ಸೊಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿ, ತೊಳೆದು ಮೇಲಿಟ್ಟಳು. ಗಾಯ ಮಾಯ್ದ ಮೇಲೆ ಒಂದು ಬೆಳಿಗ್ಗೆ ಅಪ್ಪ ಸ್ನಾನ ಮಾಡಿ ದೇವರ ಹಲಗೆಯ ಮುಂದೆ ಕೂತ. ನಮ್ಮಲ್ಲಿ ವಿಭೂತಿಯನ್ನು ಬಲಗೈಯ ನಡುವಿನ ಮೂರು ಬೆರಳಿನಿಂದ ಹಣೆಗೆ ಅಡ್ಡ ಎಳೆಯುತ್ತಾರೆ. ಆ ಮೂರರಲ್ಲಿ ಎರಡು ಇರಲಿಲ್ಲ. ಆಯಿ ನಾ ಹಚ್ತೀನಿ ಬಾ ಎಂದಳು. ಅಪ್ಪ ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದ.

"ಸಾಕವ್ವ ಹಚ್ತಾಳ."

ಅಂದಿನಿಂದ ದಿನಾ ಬೆಳಿಗ್ಗೆ ಅದು ನನ್ನ ಕೆಲಸವಾಯಿತು. ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಅವನ ಬಿಸಿ ಹಣೆಯ ಮೇಲೆ ಎಡದಿಂದ ಬಲಕ್ಕೆ ಎಳೆಯುತ್ತಿದ್ದೆ. ಕಣ್ಣು ಮುಚ್ಚಿ ಕೂತಿರುತ್ತಿದ್ದ. ಅವನಿಗೆ ಗೊತ್ತೋ ಇಲ್ಲವೋ, ಇವತ್ತು ಹೇಳುತ್ತಾನೋ ನಾಳೆ ಹೇಳುತ್ತಾನೋ ಎಂದು ನನ್ನ ಜೀವ ಹೋಗಿ ಬರುತ್ತಿತ್ತು. ಕೆಡವಿದಾಕಿಗೆ ಮೊದಲು ಎಂದಿದ್ದನಲ್ಲ.

ಹೊಡೆತ ನಿಲ್ಲಲಿಲ್ಲ. ನಿಂತದ್ದು ಎಣಿಕೆ. ಆ ಎಣಿಕೆಯೇ ನಮ್ಮನ್ನು ಅಷ್ಟು ವರ್ಷ ಕಾಯುತ್ತಿತ್ತು ಎಂದು ಆಗ ಅರ್ಥವಾಯಿತು. ಈಗ ಗಡಿಯಾರ ಬಿಚ್ಚುವುದಿಲ್ಲ, ಚಿಲಕ ಹಾಕುವುದಿಲ್ಲ. ಮಾತಾಡುತ್ತ ಮಾತಾಡುತ್ತಲೇ ಕೈ ಬೀಳುತ್ತಿತ್ತು. ಅವ್ವ ಸುಮ್ಮನೆ ಪಕ್ಕದಲ್ಲಿ ಹಾದುಹೋದರೂ ತಲೆ ತಗ್ಗಿಸುವುದನ್ನು ಕಲಿತಳು. ಕೆನ್ನೆಯ ಮೇಲಿನ ಗುರುತೂ ಬದಲಾಯಿತು, ಎರಡು ಬರೆ ಒತ್ತಾಗಿ, ಒಂದು ದೂರ. ಬೆಳಿಗ್ಗೆ ನಾನು ಅವನ ಹಣೆಗೆ ಮೂರು ಎಳೆಯುತ್ತಿದ್ದೆ, ಸಂಜೆ ಅವನು ಅವಳ ಕೆನ್ನೆಗೆ ಮೂರು ಎಳೆಯುತ್ತಿದ್ದ. ನೀರಿನ ಬಾಟಲಿಯ ಮುಚ್ಚಳ ಅವನ ಕೈಗೆ ಬಗ್ಗದ ಒಂದು ಮಧ್ಯಾಹ್ನ ಅವ್ವನನ್ನು ಕೂಗಿದ. ಸ್ಟೋವಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ. ಹಿಂದಿನಿಂದ ಬಂದು ಎಡಗಿವಿಯ ಮೇಲೆ ಹೊಡೆದ. ಅವ್ವ ಕೂತಲ್ಲೇ ವಾಲಿದಳು. ಕಿವಿಯಿಂದ ರಕ್ತ ಬಂತು. ಆ ಕಿವಿ ಅವಳಿಗೆ ಮತ್ತೆ ಕೇಳಲಿಲ್ಲ.

ಇನ್ನೊಂದು ಏಟಿಗೆ ಕೈ ಎತ್ತಿದ್ದ. ಆಯಿ ಎದ್ದಳು. ಅವಳು ಅಷ್ಟು ಬೇಗ ಏಳುವುದನ್ನು ನಾನು ನೋಡಿರಲಿಲ್ಲ. ಮಗನಿಗೂ ಸೊಸೆಗೂ ನಡುವೆ ಬಂದು ನಿಂತಳು, ಅವನ ಎದೆಯವರೆಗೆ ಬರುತ್ತಿದ್ದಳು ಅಷ್ಟೆ.

"ಆಪರೇಷನ್ ಕಾಗದಕ್ಕ ಹೆಬ್ಬಟ್ಟು ಒತ್ತಿದಾಕಿ ನಾನು. ಇನ್ನೊಂದು ಹಡದ್ರ ಆಕಿ ಸಾಯ್ತಾಳ ಅಂದ್ರು ಡಾಕ್ಟರು, ಒತ್ತಿದೆ. ಹೊಡಿ ನನಗ. ಆದ್ರ ಎಣಿಸಿ ಹೊಡಿ."

"ಆ ಕಡಿ ಸರಿ."

"ಎಣಿಸು ಅಂದೆ! ನಿಮ್ಮಪ್ಪ ನನಗ ಎಣಿಸದ ಹೊಡಿತಿದ್ದ. ನೀ ಎಣಿಸ್ತಿ ಅಂತ, ನೀನರೆ ಮನಶ್ಯಾ ಇದ್ದಿ ಅಂತ, ಇಷ್ಟು ದಿನ ಗ್ವಾಡಿ ಕಡಿ ಮಾರಿ ಮಾಡಿ ಕುಂತೆ. ಎಣಿಸು!"

ಅಪ್ಪ ಬಾಯಿ ತೆರೆದ. ಒಂದ ಎಂದ. ಎರಡ ಎಂದ. ಅಲ್ಲಿಗೆ ನಿಂತ. ಎತ್ತಿದ ಕೈಯ ಮೂರು ಬೆರಳು ಹಾಗೇ ಗಾಳಿಯಲ್ಲಿ. ಆಯಿಯ ತಲೆಯ ಮೇಲಿಂದ ಅವನ ಕಣ್ಣು ನನ್ನನ್ನು ಹುಡುಕಿ ಹಿಡಿಯಿತು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಕೈ ಇಳಿಸಿ ಹೊರಗೆ ಹೋದ.

ಮರುದಿನ ಬೆಳಿಗ್ಗೆ ವಿಭೂತಿ ಹಚ್ಚುವಾಗ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಅವತ್ತು ಡಬ್ಬಿ ಕೈ ಜಾರಿತೇನು, ನೀ ಬಿಟ್ಟಿಯೇನು?"

ಎಡ ಹುಬ್ಬಿನಿಂದ ಹೊರಟಿದ್ದ ನನ್ನ ಬೆರಳು ಹಣೆಯ ನಡುವೆ ನಿಂತವು.

"ಜಾರಿತು," ಎಂದೆ.

"ಹೂಂ. ನಾನೂ ಹಂಗ ಹೇಳೀನಿ ಅವರಿಗೆ. ಕೈ ಜಾರಿತು ಅಂತ."

ಅಷ್ಟೇ. ಆಮೇಲೆ ಸಾಯುವವರೆಗೂ ಅವನು ಆ ಮಾತು ಎತ್ತಲಿಲ್ಲ. ಅಂದಿನಿಂದ ಹೊಡೆತ ಕಡಿಮೆಯಾಯಿತು, ಪೂರ್ತಿ ನಿಂತಿತು ಎಂದರೆ ಸುಳ್ಳಾಗುತ್ತದೆ. ಅವ್ವನ ಕಿವಿ ಕಿತ್ತುಕೊಂಡವನು ನನ್ನನ್ನು ಕಾಪಾಡಿದ್ದ. ಒಂದೇ ಒಂದು ಮಾತು ಆಡಿದ್ದರೆ ನಾನು ಅವನನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಆ ಸುಖವನ್ನೂ ಅವನು ನನಗೆ ಉಳಿಸಲಿಲ್ಲ. ಇದಕ್ಕಾಗಿ ಅವನ ಮೇಲೆ ನನಗಿದ್ದ ಸಿಟ್ಟು, ಹೊಡೆತಗಳ ಸಿಟ್ಟಿಗಿಂತ ಒಂದು ಗುಲಗಂಜಿಯೂ ಕಡಿಮೆಯಲ್ಲ.

ಅವನು ಸತ್ತಾಗ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋದ ಕಂಬಗಳು ಏಳುತ್ತಿದ್ದವು. ಆಯಿ ಆಗಲೇ ಹೋಗಿದ್ದಳು. ನಾವು ಮೂವರೂ ಗಂಡನ ಮನೆಗಳಿಂದ ಬಂದೆವು. ಕಡೆಯ ವಿಭೂತಿಯನ್ನೂ ನಾನೇ ಹಚ್ಚಿದೆ, ಹಣೆ ಮೊದಲ ಸಲ ತಣ್ಣಗಿತ್ತು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಗಂಡುಮಕ್ಕಳಿಲ್ಲವಾದ್ದರಿಂದ ನಾವೇ ಕೆ.ಆರ್. ಪುರದ ಕಡೆಯ ರುದ್ರಭೂಮಿಗೆ ಹೋದೆವು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನೋರು ಗುಂಡಿಯ ಅಂಚಿನಲ್ಲಿ ನಿಂತು, ಮಕ್ಕಳು ಮೂರು ಮೂರು ಹಿಡಿ ಮಣ್ಣು ಹಾಕ್ರಿ ಎಂದರು. ದೊಡ್ಡಕ್ಕ ಅಳುತ್ತ ಹಾಕಿದಳು. ಸಣ್ಣಕ್ಕ ಹಾಕಿ, ವಿಭೂತಿ ಪತ್ರಿಯ ಸ್ಟೀಲ್ ತಾಟನ್ನು ಹಿಡಿದು ನನ್ನ ಹಿಂದೆ ನಿಂತಳು. ನಾನು ಬಾಗಿದೆ.

"ಒಂದ," ಎಂದೆ. ನನಗೆ ಗೊತ್ತಿಲ್ಲದೆ ಬಾಯಿಬಿಟ್ಟು ಎಂದೆ, ಅವನದೇ ದನಿ.

"ಎರಡ."

ಪಕ್ಕದಲ್ಲಿ ಅವ್ವ ನಿಂತಿದ್ದಳು, ಅವಳ ಸತ್ತ ಕಿವಿ ನನ್ನ ಕಡೆಗಿತ್ತು. ಮೂರನೆಯದಕ್ಕೆ ಬಾಗಿದಾಗ ನನ್ನ ಕೈಗೆ ಬಂದದ್ದು ಮಣ್ಣಲ್ಲ, ಕಲ್ಲು ಕೂಡಿದ ಹೆಂಟೆ. ಅದನ್ನು ಹಿಡಿದು ಎದ್ದೆ. ಕೈ ಹೆಗಲಿನ ಮೇಲಕ್ಕೆ ಹೋಯಿತು. ಹಾಕುವುದಕ್ಕಲ್ಲ, ಹೊಡೆಯುವುದಕ್ಕೆ. ಅವ್ವನ ಹುಬ್ಬು, ಬಳೆ, ಹೊಟ್ಟೆ, ಕಿವಿ ಎಲ್ಲದಕ್ಕೂ ಸೇರಿಸಿ, ಕೆಳಗೆ ಗುಂಡಿಯಲ್ಲಿ ಕೂರಿಸಿದ್ದ ಅವನ ಹಣೆಗೆ, ನಾನೇ ಎಳೆದ ಮೂರು ಗೆರೆಗಳ ಮೇಲೆ. ಮೂರು ಎನ್ನಲು ಬಾಯಿ ತೆರೆದೆ.

ಹಿಂದೆ ತಾಟು ಬಿತ್ತು. ಕಲ್ಲಿಗೆ ಬಡಿದು ಸುತ್ತುತ್ತ ಸುತ್ತುತ್ತ ಸದ್ದು ಮಾಡಿ ನಿಂತಿತು. ಎಲ್ಲರೂ ಬೆಚ್ಚಿ ತಿರುಗಿದರು. ಸಣ್ಣಕ್ಕನ ಎರಡೂ ಕೈ ಖಾಲಿ, ಬಿಳಿ ವಿಭೂತಿ ಅವಳ ಕಾಲ ಮೇಲೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಕೈ ಜಾರ್ತು ಕಣೇ," ಎಂದಳು.

ನಮ್ಮ ಮನೆಯ ನಿಯಮ ನಮ್ಮಿಬ್ಬರಿಗೂ ಗೊತ್ತಿತ್ತು. ಮಧ್ಯೆ ತಪ್ಪಿದರೆ ಒಂದರಿಂದ ಶುರುಮಾಡಬೇಕು. ಹೆಂಟೆಯನ್ನು ಪಕ್ಕಕ್ಕೆ ಎಸೆದೆ. ಅಯ್ಯನೋರು ಇನ್ನೊಂದ ಹಿಡಿ ಹಾಕಿದ್ರ ಆತವ್ವ ಎಂದರು, ನಾನು ಕೇಳಲಿಲ್ಲ. ಬಾಗಿ ಪುಡಿಮಣ್ಣು ತೆಗೆದುಕೊಂಡೆ. ಒಂದು ಎಂದೆ, ಹಾಕಿದೆ. ಎರಡು ಎಂದೆ, ಹಾಕಿದೆ. ಮೂರನೆಯ ಹಿಡಿಯನ್ನು ಎತ್ತುವಷ್ಟರಲ್ಲಿ ಕೈಯಲ್ಲಿ ಬಲವೇ ಇರಲಿಲ್ಲ, ಮುಷ್ಟಿ ನಿಲ್ಲಲಿಲ್ಲ, ಬೆರಳ ಸಂದಿಯಿಂದ ಮಣ್ಣು ತಾನಾಗಿ ಅವನ ಮೇಲೆ ಇಳಿಯಿತು. ಈ ಸಲ ನಿಜವಾಗಿಯೂ ಜಾರಿತು, ಅಪ್ಪ. ಈ ಸಲ ನಾನು ಬಿಡಲಿಲ್ಲ.